ಭಾಷಣಕ್ಕೆ ಸಿಕ್ಕ ಒಬ್ಬನೇ ಗಿರಾಕಿ

ಭಾಷಣ ಮಾಡಿದರೆ ಗಿರಾಕಿಗಳು ಬರುತ್ತಾರೆ ಎಂದು ನನ್ನ ಸೊಸೆಯ ತಲೆಗೆ ತುಂಬಿದವರು ಯಾರೋ ನನಗೆ ಗೊತ್ತಿಲ್ಲ. ಆಫೀಸಿನ ಕಡೆಯಿಂದ ಏನೋ ತರಬೇತಿಗೆ ಹೋಗಿದ್ದಳು. ಹೋಗುವಾಗ ಚೆನ್ನಾಗಿಯೇ ಇದ್ದಳು.

ನನ್ನದು ಹಳೆ ಬಟ್ಟೆ ರಿಪೇರಿಯ ಅಂಗಡಿ. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಅಲ್ಲೊಂದು ಕಿಟಕಿ, ಕಿಟಕಿಯ ಕೆಳಗೆ ತುಳಿಯುವ ಮೆಷಿನ್, ಮೆಷಿನ್ನಿನ ಹಿಂದೆ ನಾನು. ನಮ್ಮ ಯಜಮಾನರು ಇದ್ದಾಗ ಅವರು ಹೊಸದು ಹೊಲಿಯುತ್ತಿದ್ದರು, ನಾನು ಹಳೆಯದನ್ನು ಸರಿ ಮಾಡುತ್ತಿದ್ದೆ. ಅವರು ಹೋದಾಗ ಹೊಸದೂ ಅವರ ಜೊತೆಗೇ ಹೋಯಿತು. ಜಿಪ್ ಬದಲಾಯಿಸುವುದು, ಪ್ಯಾಂಟು ಗಿಡ್ಡ ಮಾಡುವುದು, ಹೊಟ್ಟೆ ಬಂದವರಿಗೆ ಸೊಂಟ ಬಿಡಿಸುವುದು, ಕಾಲರ್ ತಿರುವಿ ಹಾಕುವುದು ನನಗೆ ಉಳಿದವು. (ಕಾಲರ್ ಮಡಿಕೆಯಲ್ಲಿ ಸವೆಯಿತೆಂದು ಅಂಗಿಯನ್ನು ಎಸೆಯಬೇಕಾಗಿಲ್ಲ. ಕಾಲರನ್ನು ಬಿಚ್ಚಿ, ಸವೆದ ಮುಖ ಅಡಿಗೆ ಹೋಗುವಂತೆ ತಿರುಗಿಸಿ, ಮತ್ತೆ ಅದೇ ಜಾಗದಲ್ಲಿ ಕೂರಿಸಿ ಹೊಲಿದರೆ ಅಂಗಿಗೆ ಮರುಜನ್ಮ. ಮನುಷ್ಯರ ಮುಖಕ್ಕೆ ಈ ಅನುಕೂಲ ಮಾಡಿಲ್ಲ.)

ಈಗೀಗ ಹರಿದದ್ದನ್ನು ಎಸೆದು ಹೊಸದು ಕೊಳ್ಳುವವರೇ ಹೆಚ್ಚು. ರಿಪೇರಿಗೆ ಬರುವ ಕೆಲವರೂ ಎದುರುಗಡೆಯ ಟೈಲರ್ ಮಾಸ್ಟರ್ ಬಳಿಗೆ ಹೋಗುತ್ತಾರೆ, ಅವನ ಅಂಗಡಿಗೆ ಗಾಜಿನ ಬಾಗಿಲಿದೆ ಎಂದು. ಮಗ ಇದನ್ನೆಲ್ಲ ನೋಡಿ ಒಂದು ದಿನ ಸೋಫಾ ಬುಕ್ ಮಾಡಿ ಬಂದ.

“ಅಮ್ಮ, ಸೋಫಾ ಬರೋಷ್ಟರಲ್ಲಿ ಮೆಷಿನ್ ಅಟ್ಟಕ್ಕೆ ಹಾಕಿಬಿಡೋಣ. ಮುಂದಿನ ಕೋಣೆಗೆ ಒಂದು ಲಕ್ಷಣ ಬರುತ್ತೆ.”

“ನಾನು ಎಲ್ಲಿ ಕೂತ್ಕೊಳ್ಳಲಿ?”

“ಸೋಫಾ ಮೇಲೆ.”

“ಕೂತ್ಕೊಂಡು ಏನು ಮಾಡ್ಲಿ?”

“ಆರಾಮಾಗಿರು” ಎಂದ.

ಆ ಕೆಲಸ ನನಗೆ ಬರುವುದಿಲ್ಲ. ಮೆಷಿನ್ ಅಟ್ಟಕ್ಕೆ ಹೋದರೆ ನನ್ನನ್ನೂ ಜೊತೆಗೇ ಏರಿಸಿಬಿಡಿ ಎಂದೆ. ಮಗ ಮುಖ ಗಂಟು ಹಾಕಿಕೊಂಡ. ಆಗ ನನ್ನ ಪರವಾಗಿ ನಿಂತವಳು ಸೊಸೆ. ಅದು ನನ್ನ ಅದೃಷ್ಟವೋ ಗ್ರಹಚಾರವೋ ಇನ್ನೂ ತೀರ್ಮಾನವಾಗಿಲ್ಲ.

“ರೀ, ಅತ್ತೆಗೆ ಒಂದು ಅವಕಾಶ ಕೊಡಿ. ಸೋಫಾ ಬರೋದ್ರೊಳಗೆ ಹೊಸ ಗಿರಾಕಿಗಳು ಬಂದ್ರೆ ಮೆಷಿನ್ ಅಲ್ಲೇ ಇರ್ಲಿ. ಬರ್ಲಿಲ್ಲ ಅಂದ್ರೆ ಅಟ್ಟ. ಬಡಾವಣೆ ಸಂಘದ ಸಭೇಲಿ ಅತ್ತೆ ಭಾಷಣ ಮಾಡ್ತಾರೆ.”

“ಯಾರು?” ಎಂದೆ ನಾನು. ಮಗನೂ ಅದನ್ನೇ ಕೇಳಿದ.

ಅಂದು ಸಂಜೆಯೇ ಅವಳು ಭಾಷಣ ಬರೆದುಕೊಟ್ಟಳು. ನಾನು ಓದುವುದು ಅಕ್ಷರ ಅಕ್ಷರ ಜೋಡಿಸಿಕೊಂಡು. ಉದ್ದದ ಪದವಾದರೆ ಬಾಲಕ್ಕೆ ಬರುವ ಹೊತ್ತಿಗೆ ತಲೆ ಮರೆತಿರುತ್ತದೆ. ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಾತಿಗಣ್ಯರೇ’ ಎಂಬಲ್ಲಿಗೆ ತಲುಪಿದಾಗ ಸೊಸೆ ಅಡುಗೆ ಮುಗಿಸಿ ಬಂದಿದ್ದಳು.

“ಹಾಳೆ ಬಿಡಿ ಅತ್ತೆ. ನಿಮಗೆ ಗೊತ್ತಿರೋದನ್ನೇ ಹೇಳಿ. ಆದ್ರೆ ನಮ್ಮ ಅಂಗಡಿಗೆ ಬನ್ನಿ ಅಂತ ಮಾತ್ರ ಹೇಳ್ಬೇಡಿ.”

“ಗಿರಾಕಿ ಬರ್ಲಿ ಅಂತ ತಾನೇ ಹೋಗೋದು?”

“ಹೌದು.”

“ಮತ್ತೆ ಬನ್ನಿ ಅನ್ಬಾರ್ದಾ?”

“ಅನ್ಬಾರ್ದು. ಕರೆದ್ರೆ ಬರಲ್ಲ. ನಿಮ್ಮ ವಿದ್ಯೆ ತೋರಿಸ್ಬೇಕು, ಅವರಾಗೇ ಬರ್ತಾರೆ. ಸಭಿಕರನ್ನೂ ಜೊತೆಗೆ ಸೇರಿಸ್ಕೊಳ್ಳಿ, ಅದು ತುಂಬಾ ಮುಖ್ಯ.”

ಕರೆಯದಿದ್ದರೆ ಬರುವವರು ಎಂಥವರು, ಸಭಿಕರನ್ನು ಯಾತಕ್ಕೆ ಸೇರಿಸಿಕೊಳ್ಳಬೇಕು, ಒಂದೂ ತಿಳಿಯಲಿಲ್ಲ. ಆದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ನನ್ನ ಕಸುಬು. ಎರಡು ಬೆರಳು ಗಿಡ್ಡ ಮಾಡಿ ಎಂದರೆ ಎರಡೇ ಬೆರಳು.

ಸಭೆಯ ದಿನ ಮೈಕನ್ನು ನನ್ನ ಬಾಯಿಯ ಮಟ್ಟಕ್ಕೆ ಇಳಿಸಲು ಮೂವರು ಒದ್ದಾಡಿದರು. ಇಳಿಯಿತು. ಎದುರಿಗೆ ಸಾಲು ಸಾಲು ಮುಖಗಳು. ಕೈ ಖಾಲಿ ಇದ್ದರೆ ನನಗೆ ಬಾಯಿ ಬರುವುದಿಲ್ಲ ಎಂದು ಅಲ್ಲಿ ನಿಂತ ಮೇಲೆ ಗೊತ್ತಾಯಿತು. ಹಿಂದಿನ ಸಾಲಿನಿಂದ ಸೊಸೆ ಎರಡು ಕೈಗಳನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತ ಸನ್ನೆ ಮಾಡಿದಳು. ಸೇರಿಸಿಕೊಳ್ಳಿ, ಸೇರಿಸಿಕೊಳ್ಳಿ.

“ಯಾರಾದ್ರೂ ಒಂದು ಬಟ್ಟೆ ಕೊಡಿ” ಎಂದೆ.

ಸಂಘದ ಅಧ್ಯಕ್ಷರು ದೊಡ್ಡ ಮನಸ್ಸಿನ ಮನುಷ್ಯ. ತಮ್ಮ ಕೋಟನ್ನೇ ಬಿಚ್ಚಿ ಕೊಟ್ಟರು. ಕೋಟು ಕೈಗೆ ಬಂದದ್ದೇ ತಡ, ನನಗೆ ಜೀವ ಬಂತು. ಅಂಗಡಿಯಲ್ಲಿ ಮಾಡುವಂತೆಯೇ ಒಳಗು ಹೊರಗು ಮಾಡಿ, ಬೆಳಕಿಗೆ ಹಿಡಿದು, ಕಂಡದ್ದನ್ನು ಕಂಡ ಹಾಗೆ ಹೇಳುತ್ತ ಹೋದೆ.

“ಒಳ್ಳೆ ಬಟ್ಟೆ. ಸೊಂಟ ಎರಡು ಸಲ ಬಿಡಿಸಿದಾರೆ, ದಾರ ಬೇರೆ ಬೇರೆ ಇದೆ ನೋಡಿ. ಒಳಜೇಬಿನ ಮೂಲೇಲಿ ಬಿಸ್ಕತ್ತಿನ ಪುಡಿ ಹೊಲಿಗೆಯೊಳಗೇ ಕೂತಿದೆ. ಸಕ್ಕರೆ ಹಚ್ಚಿರೋ ಬಿಸ್ಕತ್ತು, ಅಂಟಂಟಾಗಿದೆ. ದಿನಾ ಇಟ್ರೆ ಮಾತ್ರ ಹೀಗಾಗೋದು.”

ಮುಂದಿನ ಸಾಲಿನಲ್ಲಿ ಅಧ್ಯಕ್ಷರ ಹೆಂಡತಿ ಎದ್ದು ನಿಂತರು. “ದಿನಾನಾ?” ಎಂದರು. ಅಧ್ಯಕ್ಷರಿಗೆ ಸಕ್ಕರೆ ಕಾಯಿಲೆ ಇದೆ, ಮನೆಯಲ್ಲಿ ಸಿಹಿ ಎಂಬ ಮಾತನ್ನೂ ಆಡುವುದಿಲ್ಲ ಎಂಬುದು ಆಮೇಲೆ ತಿಳಿದ ಸಂಗತಿ. ಆಗ ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಗು ಬಂದರೆ ಭಾಷಣ ಗೆದ್ದಂತೆ ಎಂದು ಸಭೆಗೆ ಬರುವ ದಾರಿಯಲ್ಲಿ ಸೊಸೆ ಹೇಳಿದ್ದಳು. ನಾನು ಗೆಲ್ಲುತ್ತಿದ್ದೇನೆ ಎಂದುಕೊಂಡು ಇನ್ನೊಂದು ಬಟ್ಟೆ ಕೇಳಿದೆ.

ಪೇಂಟ್ ಅಂಗಡಿಯವನನ್ನು ಅವನ ಹೆಂಡತಿಯೇ ನಗುನಗುತ್ತ ಮುಂದಕ್ಕೆ ತಳ್ಳಿದಳು. ಅವನ ತೋಳಿನ ಗುಂಡಿ ಹಿಡಿದು ನೋಡಿದೆ. “ಇದನ್ನ ಹಾಕಿರೋ ಕೈ ಅಚ್ಚುಕಟ್ಟು. ಗುಂಡಿಯ ಕೊರಳಿಗೆ ದಾರ ಸುತ್ತಿರೋ ದಿಕ್ಕು ನೋಡಿ, ಇದು ಎಡಗೈಯವರ ಸುತ್ತು. ಎಡಗೈಲಿ ಹೊಲಿಯೋದು ಯಾರಮ್ಮ, ನೀನಾ?”

“ನಂದು ಬಲಗೈ” ಎಂದಳು ಅವಳು.

“ಹಾಗಾದ್ರೆ ಇವರೇ ಇರ್ಬೇಕು.”

“ಅವರದ್ದೂ ಬಲಗೈಯೇ.”

ಆಮೇಲೆ ಯಾರೂ ನಗಲಿಲ್ಲ. ಹೊಲಿಗೆಯ ಗುಟ್ಟನ್ನು ಮನಸ್ಸಿಟ್ಟು ಕೇಳುತ್ತಿದ್ದಾರೆ ಎಂದುಕೊಂಡು, ಎಡಗೈ ಸುತ್ತು ಬಲಗೈ ಸುತ್ತು ಎರಡನ್ನೂ ವಿವರವಾಗಿ ತೋರಿಸಿದೆ. (ಅವನ ಅಮ್ಮ ಪಕ್ಕದ ಬೀದಿಯಲ್ಲೇ ಇದ್ದಾಳಂತೆ, ಅವಳು ಎಡಚಿಯಂತೆ, ಅವನು ಗುಟ್ಟಾಗಿ ಅವಳ ಕೈಯಲ್ಲಿ ಗುಂಡಿ ಹಾಕಿಸಿಕೊಂಡು ಬರುತ್ತಾನಂತೆ. ಬೇರೆ ಯಾವಳೋ ಆಗಿದ್ದರೂ ಕ್ಷಮಿಸುತ್ತಿದ್ದೆ, ಅತ್ತೆಯ ಕೈಯಲ್ಲಿ ಹಾಕಿಸಿಕೊಂಡದ್ದನ್ನು ಕ್ಷಮಿಸುವುದಿಲ್ಲ ಎಂದಳಂತೆ ಹೆಂಡತಿ.)

ಮುಗಿಸಿ ಕೈಮುಗಿದಾಗ ಚಪ್ಪಾಳೆ ಜೋರಾಗಿಯೇ ಬಿತ್ತು. ಹೊರಗೆ ಬರುವಾಗ ಮಾತ್ರ ಒಬ್ಬೊಬ್ಬರೂ ನನಗೆ ದಾರಿ ಬಿಟ್ಟು, ಅಂಗಿಯ ತೋಳನ್ನು ಹಿಂದಕ್ಕೆ ಮರೆಮಾಡಿಕೊಂಡು ನಿಂತರು. ಅದು ಗೌರವ ಎಂದಳು ಸೊಸೆ.

ಮರುದಿನ ಬರುವವರಿಗೆಂದು ಬೆಂಚು ಹಾಕಿ ಕಾದೆವು. ಮೊದಲು ಬಂದವಳು ಬೇಕರಿಯವಳು, ನನ್ನ ಹಳೆಯ ಗಿರಾಕಿ.

“ನಮ್ಮನೆಯವರ ಪ್ಯಾಂಟು ಜಿಪ್‌ಗೆ ಕೊಟ್ಟಿದ್ದೆನಲ್ಲ. ಇನ್ನೂ ನೋಡಿಲ್ಲ ತಾನೇ?”

“ಇವತ್ತು ನೋಡ್ತೀನಮ್ಮ.”

“ಬೇಡ, ಬೇಡ. ಹಾಗೇ ಕೊಟ್ಟುಬಿಡಿ. ಅವರು ಜಿಪ್ ಇಲ್ಲದೇ ಹಾಕ್ಕೊಳ್ತಾರಂತೆ.”

ಅವಳ ಹಿಂದೆಯೇ ಇನ್ನಿಬ್ಬರು ಬಂದು, ಮೊದಲೇ ಕೊಟ್ಟಿದ್ದ ಬಟ್ಟೆಗಳನ್ನು ಎದೆಗವಚಿಕೊಂಡು ಹೋದರು. ಕಿಟಕಿಯಿಂದ ನೋಡಿದರೆ ಎದುರುಗಡೆ ಗಾಜಿನ ಬಾಗಿಲಿನ ಮುಂದೆ ಸಾಲು. ಮಾಸ್ಟರ್ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದನಂತೆ: “ನನಗೆ ಕಣ್ಣು ಮಂಜು ಸ್ವಾಮಿ, ಹೊಲಿಗೆ ಬಿಟ್ರೆ ಬೇರೇನೂ ಕಾಣ್ಸಲ್ಲ.” ಕಣ್ಣು ಕಾಣದ ಟೈಲರಿಗೆ ಸಾಲು ನಿಲ್ಲುವುದನ್ನು ನಾನು ನೋಡಿದ್ದು ಅದೇ ಮೊದಲು.

“ನನ್ನ ವಿದ್ಯೆ ತೋರಿಸು ಅಂದೆಯಲ್ಲೇ” ಎಂದು ಸೊಸೆಯನ್ನು ಕೇಳಿದೆ.

“ತೋರಿಸಿದ್ದು ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ ಅತ್ತೆ.”

ಕಡಿಮೆ ತೋರಿಸುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮಗ ನನ್ನದೇ ಟೇಪು ತೆಗೆದುಕೊಂಡು ಕೋಣೆಯ ಅಳತೆ ಹಿಡಿದ. ಸೋಫಾ ಆ ವಾರವೇ ಬರುವುದಿತ್ತು. ನಾನು ಮೆಷಿನ್ನಿಗೆ ಎಣ್ಣೆ ಬಿಟ್ಟು, ಒರೆಸಿ, ಬಟ್ಟೆ ಹೊದಿಸಿ ಇಟ್ಟೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಎಲ್ಲರೂ ಹೊರಗೆ ಹೋಗಿದ್ದಾಗ ಹಿಂಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಮಾಸ್ಟರ್, ಕೈಯಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಟವೆಲ್ಲು.

“ಅಮ್ಮ, ನಿಮ್ಮ ಭಾಷಣದಿಂದ ನನ್ನ ಊಟ ನಿದ್ದೆ ಎರಡೂ ಹೋಯ್ತು. ಎಲ್ಲಾನೂ ಮಾಡ್ತೀನಿ, ಕಾಲರ್ ತಿರುವೋದು ಮಾತ್ರ ನನ್ನ ಕೈಲಿ ಕೂರಲ್ಲ. ನೀವು ಮಾಡಿಕೊಡ್ಬೇಕು.”

ಟವೆಲ್ಲು ಸರಿಸಿದೆ. ಬುಟ್ಟಿಯ ತುಂಬ ಬರೀ ಕಾಲರುಗಳು.

“ಅಂಗಿಗಳೆಲ್ಲಿ?”

“ಅಂಗಿ ತಂದ್ರೆ ಯಾರದು ಅಂತ ಗೊತ್ತಾಗಿಬಿಡುತ್ತೆ. ಅದಕ್ಕೇ ಕಾಲರ್ ಕೂರೋ ಪಟ್ಟಿ ಸಮೇತ ಬಿಚ್ಚಿ ತಂದಿದೀನಿ. ನಿಮ್ಮ ಹತ್ರ ಬಂದಿದೆ ಅಂತ ಜನಕ್ಕೆ ತಿಳಿದ್ರೆ ನನ್ನ ಅಂಗಡೀನೂ ಮುಚ್ಚಬೇಕು. ಹಾಗೂ ಏನಾದ್ರೂ ಗೊತ್ತಾದ್ರೆ ದಯವಿಟ್ಟು ನನಗೂ ಹೇಳ್ಬೇಡಿ.”

ಹೀಗೆ ನನ್ನ ಮಹಾಭಾಷಣಕ್ಕೆ ಒಬ್ಬ ಗಿರಾಕಿ ಸಿಕ್ಕ. ಸಂಜೆ ಮಗ ಮನೆಗೆ ಬಂದಾಗ ಮೆಷಿನ್ ಓಡುತ್ತಿತ್ತು. “ಕೆಲಸ ಬಂತಾ?” ಎಂದ. ಬಂತು ಎಂದೆ. “ಎಲ್ಲಿಂದ?” ಎಂದ. ಭಾಷಣದಿಂದ ಎಂದೆ. ಸುಳ್ಳಲ್ಲವಲ್ಲ. ಸೊಸೆ ಅಂದಿನಿಂದ ಬೀದಿಯಲ್ಲಿ ತಲೆ ಎತ್ತಿ ನಡೆಯುತ್ತಿದ್ದಾಳೆ. ಸೋಫಾ ಒಳಗಿನ ಕೋಣೆಗೆ ಹೋಯಿತು; ಅಲ್ಲಿಂದ ಅಡುಗೆಮನೆಗೆ ಹೋಗುವವರು ಈಗ ಅದನ್ನು ಹತ್ತಿ ಇಳಿದು ಹೋಗಬೇಕು.

ಎರಡನೆಯ ಬುಟ್ಟಿಯಲ್ಲಿ ನೀಲಿ ಚೌಕಳಿಯ ಕಾಲರೊಂದು ಬಂತು. ಎಡಗಡೆ ಮಾತ್ರ ಸವೆದು ಎಳೆ ಎದ್ದಿತ್ತು. ಏನಾದರೂ ಮುಚ್ಚಿಡುವಾಗ ಎಡಗಡೆಯ ಕುತ್ತಿಗೆ ಕೆರೆದುಕೊಳ್ಳುವವನು ನಮ್ಮ ಬಡಾವಣೆಯಲ್ಲಿ ಒಬ್ಬನೇ ಇದ್ದಾನೆ. ಅವನನ್ನು ಹೆತ್ತವಳು ನಾನು. ಇದೇ ಮನೆಯಲ್ಲಿ ಇದ್ದುಕೊಂಡು ಅಂಗಿಯನ್ನು ಬೀದಿ ದಾಟಿಸಿ ಕೊಟ್ಟಿದ್ದಾನೆ, ಅದು ಬುಟ್ಟಿಯಲ್ಲಿ ಕೂತು ಬೀದಿ ದಾಟಿ ವಾಪಸ್ಸು ಬಂದಿದೆ. ಸವೆದ ಜಾಗಕ್ಕೆ ಅಡಿಯಿಂದ ಎಳೆ ಹಿಡಿದು, ತಿರುವಿ, ಮೊನೆಗಳನ್ನು ತಟ್ಟಿ ಕೂರಿಸಿ ಕಳಿಸಿದೆ.

ಭಾನುವಾರ ಅವನು ಅದೇ ಅಂಗಿ ಹಾಕಿಕೊಂಡು ಊಟಕ್ಕೆ ಕೂತ. ಸೊಸೆ ಅವನ ಕಾಲರ್ ಹಿಡಿದು ನನ್ನ ಕಡೆಗೆ ತಿರುಗಿಸಿದಳು.

“ನೋಡಿ ಅತ್ತೆ, ಇದು ಎದುರಿನ ಮಾಸ್ಟರ್ ಕೈಕೆಲಸ. ಎಷ್ಟು ನೀಟಾಗಿದೆ. ಬೇಜಾರು ಮಾಡ್ಕೋಬೇಡಿ, ನೀವೂ ಒಂದ್ಸಲ ಹೋಗಿ ಅವನ ಹತ್ರ ಕಲ್ತ್ಕೊಂಡು ಬಂದ್ರೆ ಮುಂದಿನ ಭಾಷಣಕ್ಕೆ ಅನುಕೂಲ.”

ಕನ್ನಡಕ ಹಾಕಿಕೊಂಡು ನೋಡಿದೆ. “ಚೆನ್ನಾಗಿದೆ ಕಣೇ” ಎಂದೆ.

“ಏನೋ ಅರ್ಜೆಂಟಿತ್ತು ಅಮ್ಮ, ನಿನಗೆ ಯಾಕೆ ತೊಂದರೆ ಅಂತ ಅಲ್ಲಿ ಕೊಟ್ಟೆ” ಎನ್ನುತ್ತ ಮಗ ಎಡಗಡೆಯ ಕುತ್ತಿಗೆ ಕೆರೆದುಕೊಂಡ.

ಹಾಗೆ ಕೆರೆದರೆ ಇದೂ ಸವೆಯುತ್ತದೆ ಕಣೋ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಸವೆಯಲಿ. ಮಾಸ್ಟರ್ ಇದ್ದಾನಲ್ಲ.