ಮುಗುಚಿದರೂ ಬೀಳದ ತಟ್ಟೆ

ಕೆಲವರಿಗೆ ಮಲಗಿದ ನಾಯಿ ಕಂಡರೆ ಕಲ್ಲೆಸೆಯಬೇಕೆನಿಸುತ್ತದೆ. ನನಗೆ ಸ್ಕ್ರೂ ಹಾಕಿ ಮುಚ್ಚಿದ ವಸ್ತು ಕಂಡರೆ ಬಿಚ್ಚಬೇಕೆನಿಸುತ್ತದೆ. ಅದು ಕೆಟ್ಟಿರಲೇಬೇಕೆಂಬ ಹಟವೇನೂ ನನಗಿಲ್ಲ. ಕಾರವಾರದ ಕಚೇರಿಯೊಂದರಲ್ಲಿ ದಿನವಿಡೀ ಕಡತ ಕಟ್ಟುವ ಗುಮಾಸ್ತ ನಾನು. ಕಟ್ಟಿ ಕಟ್ಟಿ ಬೇಸತ್ತವನಿಗೆ ಸಂಜೆ ಅಂಕೋಲೆಯಲ್ಲಿ ಬಸ್ಸಿಳಿದು ಮನೆ ಸೇರಿದ ಮೇಲೆ ಏನನ್ನಾದರೂ ಬಿಚ್ಚುವ ಹಂಬಲ ಹುಟ್ಟುವುದು ಸಹಜ ಎಂಬುದು ನನ್ನ ವಾದ. ಬಿಚ್ಚುವುದರಲ್ಲಿ ನನ್ನ ಕೈ ಚೆನ್ನಾಗಿಯೇ ಪಳಗಿದೆ. ಮರಳಿ ಜೋಡಿಸುವಾಗ ಮಾತ್ರ ಒಂದು ಸ್ಕ್ರೂ ಕಡಿಮೆ ಬೀಳುತ್ತದೆ, ಇಲ್ಲವೇ ಒಂದು ಹೆಚ್ಚಾಗುತ್ತದೆ. ಹೆಚ್ಚಾದವನ್ನೆಲ್ಲ ಹಳೆಯ ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿಟ್ಟಿದ್ದೇನೆ. ಇರಲಿ ಎಂದು ಕಂಪನಿಯವರೇ ಒಂದೆರಡು ಜಾಸ್ತಿ ಹಾಕಿರುತ್ತಾರೆ ಎಂದು ಹೆಂಡತಿ ಸುಮನಾಳಿಗೆ ಒಮ್ಮೆ ತಿಳಿಸಿ ಹೇಳಿದೆ. "ಹೌದೌದು, ಅವ್ರು ಧರ್ಮಕ್ಕೆ ಹಾಕ್ತಾರೆ, ನೀವು ಪುಣ್ಯಕ್ಕೆ ತೆಗೀತ್ರಿ" ಎಂದು ಅವಳು ಒಳಗೆ ಹೋದಳು.

ನನ್ನ ರಿಪೇರಿಗಳಲ್ಲಿ ಅವಳು ಮೆಚ್ಚಿದ್ದು ಒಂದೇ ಒಂದು. ನಮ್ಮ ಕಡಲ ಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ. ಈ ಮಳೆಗಾಲಕ್ಕೆ ಹೊಡೆದ ಮೊಳೆ ಮುಂದಿನ ಮಳೆಗಾಲಕ್ಕೆ ಕೆಂಪು ಪುಡಿಯಾಗಿ ಉದುರುತ್ತದೆ. ಕೇಣಿಯ ದೋಣಿಯವರು ಹಿತ್ತಾಳೆ ಸ್ಕ್ರೂ ಬಳಸುವುದನ್ನು ನೋಡಿ, ಅವರು ಹೋಗುವ ಅಂಗಡಿಗೇ ಹೋಗಿ ನಾನೂ ಪೊಟ್ಟಣಗಟ್ಟಲೆ ತಂದೆ. ಫ್ಯಾನು, ಮಿಕ್ಸಿ, ಬಾಗಿಲ ಚಿಲಕ, ದೇವರ ಮುಂದಿನ ದೀಪದ ಸ್ವಿಚ್ಚು, ಎಲ್ಲದರ ಕಬ್ಬಿಣ ಕಿತ್ತು ಹಿತ್ತಾಳೆ ಹಾಕಿದೆ. ನೆಂಟರಿರಲಿ, ಗ್ಯಾಸ್ ಸಿಲಿಂಡರ್ ತಂದವನಿರಲಿ, "ಈ ಮನೆಯಲ್ಲಿ ಕಬ್ಬಿಣದ ಸ್ಕ್ರೂ ಒಂದೂ ಉಳಿಯಬಾರದು, ನೋಡುತ್ತಿರಿ" ಎಂದು ಹೇಳಿ ಕಳಿಸುತ್ತಿದ್ದೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಬಿಚ್ಚಿದ ಸ್ಕ್ರೂಗಳನ್ನು ತೆಂಗಿನ ಗರಟೆಯಲ್ಲಿ ಹಾಕಿಡುವುದು ನಮ್ಮ ಮನೆಯ ಪದ್ಧತಿ. ಗರಟೆಗೆ ಅಡಿ ಉರುಟು. ಕಾಲು ತಾಗಿದರೆ ಸಾಕು, ಮಗುಚಿಕೊಳ್ಳುತ್ತದೆ. ಹಾಗೆ ಮಗುಚಿದಾಗ ಟೇಬಲ್ ಫ್ಯಾನಿನ ಒಂದು ಸ್ಕ್ರೂ ಕಳೆಯಿತು. ಒಂದರಿಂದ ಏನಾಗುತ್ತದೆ ಎಂದು ಬಿಟ್ಟೆ. ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯುತ್ತಿದ್ದಾಗ ಫ್ಯಾನಿನ ಮುಂದಿನ ಜಾಳಿಗೆ ಕಳಚಿ ನೇರ ಭಟ್ಟರ ಮಡಿಲಿಗೆ ಹೋಗಿ ಕೂತಿತು. ಭಟ್ಟರು ದೊಡ್ಡ ಮನಸ್ಸಿನವರು, ಮಂತ್ರ ನಿಲ್ಲಿಸಲಿಲ್ಲ. ಸುಮನಾ ಮಾತ್ರ ಅಂದು ಸಂಜೆ ನನ್ನ ಹತ್ಯಾರದ ಪೆಟ್ಟಿಗೆಯನ್ನು ಹೊರಗೆ ಜಗಲಿಯ ಮೇಲಿಟ್ಟಳು. "ಇನ್ನೊಂದೇ ಒಂದು ಸ್ಕ್ರೂ ಕಳೀಲಿ, ಈ ಪೆಟ್ಟಿಗೆ ಗುಜರಿಯವ್ನಿಗೆ. ದೇವ್ರಾಣೆ" ಎಂದಳು. ಆ ಪೆಟ್ಟಿಗೆ ನನ್ನ ಮೊದಲ ಸಂಬಳದ್ದು, ಮದುವೆಗಿಂತ ಹಳೆಯ ಸಂಬಂಧ. ಅವಳು ದೇವರ ಆಣೆ ಹಾಕಿದರೆ ಮುರಿಯುವವಳಲ್ಲ ಎಂಬುದು ಗೊತ್ತಿದ್ದುದರಿಂದ ಆ ರಾತ್ರಿ ಊಟವೇ ರುಚಿಸಲಿಲ್ಲ.

ಇಂಥ ಹೊತ್ತಿನಲ್ಲಿ ಆಪದ್ಬಾಂಧವನಂತೆ ಬಂದವನು ನನ್ನ ಷಡ್ಡಕ ರಮಾಕಾಂತ, ಸುಮನಾಳ ತಂಗಿಯ ಗಂಡ. ಬಿಣಗಾದಲ್ಲಿ ಅವನದು ಬೈಕ್ ಗ್ಯಾರೇಜು. ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಇಲ್ಲ ಎಂದು ನಂಬಿದ ಮನುಷ್ಯ. ಅವನು ತಂದುಕೊಟ್ಟದ್ದು ಅಡಿಯಲ್ಲಿ ಅಯಸ್ಕಾಂತವಿರುವ ಒಂದು ಸ್ಟೀಲ್ ತಟ್ಟೆ. "ಭಾವ, ಬಿಚ್ಚಿದ್ದೆಲ್ಲ ಇದ್ರಲ್ಲಿ ಹಾಕಿ. ತಲೆಕೆಳಗೆ ಮಾಡಿದ್ರೂ ಬೀಳೂದಿಲ್ಲ. ಬಿದ್ರೆ ನನ್ನ ಹೆಸ್ರು ತೆಗೀರಿ" ಎಂದ. ಉಪ್ಪಿನಕಾಯಿ ಬಾಟಲಿಯ ಹಳೆಯ ಸ್ಕ್ರೂಗಳನ್ನು ಸುರಿದು ಮುಗುಚಿ ನೋಡಿದೆ. ಒಂದೂ ಅಲುಗಲಿಲ್ಲ. ಆ ವಾರವೆಲ್ಲ ತಟ್ಟೆ ಹಿಡಿದು ಮನೆ ಸುತ್ತಿದೆ. ಸುಮನಾಳ ಸೇಫ್ಟಿ ಪಿನ್ನು, ತಲೆಯ ಪಿನ್ನು, ಎಂದೋ ಕಳೆದ ಕಪಾಟಿನ ಕೀಲಿಕೈ, ಎಲ್ಲ ಓಡೋಡಿ ಬಂದು ಅಂಟಿಕೊಂಡವು. ಒಳ್ಳೆಯ ದಿನ ಬಂದವು ಎಂದೇ ತಿಳಿದೆ.

ಆಮೇಲೊಂದು ಭಾನುವಾರ ಸುಂಕಸಾಳದಿಂದ ಅತ್ತೆಯವರೂ ಬಿಣಗಾದಿಂದ ರಮಾಕಾಂತನ ಸಂಸಾರವೂ ಊಟಕ್ಕೆ ಬರುವುದಿತ್ತು. ಬೆಳಿಗ್ಗೆಯೇ ಕೇಣಿಯಿಂದ ಬಂಗಡೆ ತಂದಾಗಿತ್ತು. ಸುಮನಾ ಮೀನು ಹೆಚ್ಚಿ, ತೊಳೆದು, ಉಪ್ಪು ಅರಿಶಿನ ಸವರಿ ಪಾತ್ರೆಯಲ್ಲಿ ಒಲೆಯ ಕಟ್ಟೆಯ ಮೇಲಿಟ್ಟು, ಕಾಯಿ ತುರಿದು ಮಿಕ್ಸಿಗೆ ಹಾಕಿದಳು. ಮಿಕ್ಸಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಸುಮನಾ ನನ್ನ ಮುಖ ನೋಡಿದಳು. ನಾನು ಆಗಲೇ ಪೆಟ್ಟಿಗೆ ತಂದಾಗಿತ್ತು.

"ಅಮ್ಮ ಬರೂ ಹೊತ್ತಿಗೆ ಇದ್ನ ಹರವಿ ಕೂತ್ಕಳ್ಬೇಡ್ರಿ ಮಾರಾಯ್ರೆ. ಒರಳಲ್ಲಿ ಅರೀತೆ ನಾನು."

"ಐದು ನಿಮಿಷ. ಈಗ ತಟ್ಟೆ ಇದೆಯಲ್ಲ."

"ಆಣೆ ನೆನಪಿರ್ಲಿ" ಎಂದಷ್ಟೇ ಹೇಳಿ ಅವಳು ಒರಳಿನ ಕಡೆ ಹೋದಳು.

ಮಿಕ್ಸಿಯ ಅಡಿಯಲ್ಲಿ ಆರು ಸ್ಕ್ರೂಗಳಿದ್ದವು. ಐದು ಸಲೀಸಾಗಿ ಬಂದವು. ಹಿಂದೊಮ್ಮೆ ಬಿಚ್ಚಲಾಗದೆ ಹಾಗೆಯೇ ಬಿಟ್ಟಿದ್ದ ಆರನೆಯದು ತುಕ್ಕು ಹಿಡಿದು ಪ್ರಾಣ ತಿಂದಿತು. ಎಲ್ಲವನ್ನೂ ತಟ್ಟೆಗೆ ಹಾಕುವಷ್ಟರಲ್ಲಿ ನೆಂಟರು ಒಳಗೆ ಬಂದರು. ಅತ್ತೆ ನೆಲದ ಮೇಲಿನ ಹರವು ನೋಡಿ, "ಇವತ್ತೂ ಬಿಡ್ಲಿಲ್ಲನಾ?" ಎಂದರು. ಷಡ್ಡಕ ಪಕ್ಕದಲ್ಲಿ ನಿಂತು ಮೀಸೆಯಡಿ ನಗುತ್ತಿದ್ದಾನೆ. ಮನುಷ್ಯನಿಗೆ ಹುಮ್ಮಸ್ಸು ಬರುವುದು ಇಂಥ ಕಡೆಯೇ. "ಅತ್ತೆ, ಹಿಂದಿನ ಕಾಲ ಹೋಯಿತು. ಇಲ್ಲಿ ನೋಡಿ" ಎಂದು ತಟ್ಟೆಯನ್ನು ಎತ್ತರಕ್ಕೆ ಹಿಡಿದು ಎಲ್ಲರೆದುರು ಮುಗುಚಿದೆ.

ಟಣಟಣ ಎಂದು ಐದೂ ಬಿದ್ದವು. ಒಂದು ಒಲೆಯ ಕಟ್ಟೆಗೆ ಬಡಿಯಿತು, ಒಂದು ಫ್ರಿಜ್ಜಿನ ಕಡೆ ಉರುಳಿತು, ಉಳಿದವು ಎತ್ತ ಹೋದವೆಂದು ದೇವರಿಗೇ ಗೊತ್ತು. ತಟ್ಟೆಗೆ ಅಂಟಿ ನಿಂತದ್ದು ಆ ತುಕ್ಕು ಹಿಡಿದದ್ದೊಂದೇ.

ರಮಾಕಾಂತ ತಟ್ಟೆಯನ್ನು ಕಿತ್ತುಕೊಂಡು ಬೆರಳಿನಿಂದ ಬಡಿದು, "ಡುಪ್ಲಿಕೇಟ್ ಮಾಲು ಭಾವ. ಕೊಟ್ಟವ್ನ ಬಿಡೂದಿಲ್ಲ ನಾನು" ಎಂದ. ಕುಣಿಯಲಾರದವಳಿಗೆ ನೆಲ ಡೊಂಕು. ಆದರೆ ನಾನೂ ಅದೇ ತಾಳಕ್ಕೆ ಹೆಜ್ಜೆ ಹಾಕಿ, ಅಯಸ್ಕಾಂತದ ಶಕ್ತಿ ಸೆಕೆಗೆ ಇಳಿದಿರಬೇಕು ಎಂದೆ. ಒರಳಿನ ಬಳಿ ಅರೆಯುತ್ತ ಕೂತಿದ್ದ ಸುಮನಾ ಕೈ ನಿಲ್ಲಿಸದೆ ಹೇಳಿದಳು: "ಮನೇಲಿ ಕಬ್ಬಿಣದ ಸ್ಕ್ರೂ ಒಂದೂ ಉಳೀಬಾರ್ದು ಅಂತ ಊರಿಗೆಲ್ಲ ಸಾರಿದ್ದು ನೀವೇ ಅಲ್ಲನಾ? ಹಿತ್ತಾಳಿಗೆ ಅಯಸ್ಕಾಂತ ಎಲ್ಲಿಂದ ಹಿಡೀತದೆ?" ರಮಾಕಾಂತ ತಟ್ಟೆಯನ್ನು ಮೆಲ್ಲಗೆ ನೆಲಕ್ಕಿಟ್ಟ. ನಾನು ಕೇಳಿಸದವನಂತೆ ಫ್ರಿಜ್ಜಿನಡಿ ಬಗ್ಗಿದೆ.

ಬಗ್ಗಿದವರು ನಾನೊಬ್ಬನೇ ಅಲ್ಲ. ಷಡ್ಡಕ ಸಿಲಿಂಡರ್ ಸರಿಸಿದ, ನಾದಿನಿ ಕಸಬರಿಗೆ ಹಿಡಿದಳು, ಅತ್ತೆ ಕನ್ನಡಕ ಏರಿಸಿ ಬಚ್ಚಲ ಕಿಂಡಿಯ ತನಕ ಹೋಗಿ ಬಂದರು. ನಾಲ್ಕು ಸಿಕ್ಕವು. ಐದನೆಯದು ಏನು ಮಾಡಿದರೂ ಸಿಗಲಿಲ್ಲ. ಅಷ್ಟರಲ್ಲಿ ಸುಮನಾ ಅರೆದ ಮಸಾಲೆಯನ್ನು ಒಲೆಗೇರಿಸಿ, ಉಪ್ಪು ಸವರಿಟ್ಟ ಬಂಗಡೆಯನ್ನು ಪಾತ್ರೆಯಿಂದ ಹಾಗೆಯೇ ಸುರಿದಳು. "ನಾಳೆ ಸೋಮವಾರ, ಗುಜರಿಯವ ಬರೂ ದಿನ" ಎಂದು ತಂಗಿಗೆ ಹೇಳುತ್ತಿದ್ದಳು. ನನಗೆ ಕೇಳಿಸಲೆಂದೇ ಹೇಳಿದ್ದು. ನಿಜ ಹೇಳಬೇಕೆಂದರೆ ನನ್ನ ಕಣ್ಣು ಒದ್ದೆಯಾಯಿತು. ಈರುಳ್ಳಿ ಹೆಚ್ಚುತ್ತಿದ್ದ ನಾದಿನಿಯ ಪಕ್ಕಕ್ಕೆ ಹೋಗಿ ನಿಂತುಕೊಂಡೆ.

ಊಟಕ್ಕೆ ಕೂತೆವು. ಒರಳಲ್ಲಿ ಅರೆದ ಮಸಾಲೆಯ ರುಚಿಯೇ ಬೇರೆ. "ಮಿಕ್ಸಿ ಹಾಳಾದ್ದೇ ಪುಣ್ಯ ಅಕ್ಕ. ಸಾರು ಅಂದ್ರೆ ಇದು" ಎಂದು ರಮಾಕಾಂತ ಮತ್ತೆ ಮತ್ತೆ ಬಡಿಸಿಕೊಂಡ. ಅಪರೂಪಕ್ಕೆ ಹೊಗಳುವ ಅತ್ತೆಯವರೂ ತಲೆದೂಗಿದರು. ಸುಮನಾಳ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗು ಕಂಡಿತು. ಆಗ ನನ್ನ ಹಲ್ಲಿಗೆ ಕಟಕ್ಕೆಂದು ಏನೋ ಸಿಕ್ಕಿತು. ಬಂಗಡೆಗೆ ಹಾಕುವ ತೆಪ್ಪಲ ಕಾಯಿ ಇರಬೇಕೆಂದುಕೊಂಡೆ. ನಾಲಿಗೆಯಿಂದ ತಿರುಗಿಸಿ ನೋಡಿದರೆ ಅದಕ್ಕೆ ಸುತ್ತ ತಿರುಪಿನ ಗೆರೆಗಳಿದ್ದವು.

ಬಾಯಲ್ಲಿ ಬಿಸಿತುಪ್ಪ ಎನ್ನುತ್ತಾರೆ. ತುಪ್ಪವಾದರೆ ಸ್ವಲ್ಪ ಹೊತ್ತಿಗೆ ಆರುತ್ತದೆ. ಸ್ಕ್ರೂ ಹೊರತೆಗೆದು ತೋರಿಸಿದರೆ ಲೆಕ್ಕ ಸರಿಯಾಗಿ ಪೆಟ್ಟಿಗೆ ಉಳಿಯುತ್ತದೆ, ಆದರೆ ತವರಿನವರೆದುರು ಸುಮನಾಳ ಸಾರಿನ ಮಾನ ಹೋಗುತ್ತದೆ. ತೋರಿಸದಿದ್ದರೆ ಸಾರು ಉಳಿಯುತ್ತದೆ, ಪೆಟ್ಟಿಗೆ ಗುಜರಿಗೆ. ದವಡೆಯಲ್ಲಿ ಒತ್ತಿ ಹಿಡಿದು ಕೂತೆ.

"ಏನಾಯ್ತು?" ಎಂದಳು ಸುಮನಾ.

"ಮುಳ್ಳು" ಎಂದೆ.

"ಬಂಗಡೆ ಮುಳ್ಳು ಅಷ್ಟು ದೊಡ್ಡದಾ?" ಎಂದ ರಮಾಕಾಂತ. ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಿಸಿ ಬಾಯಿ ಮುಚ್ಚಿಸಿದೆ.

ಕೈ ತೊಳೆಯುವ ನೆಪದಲ್ಲಿ ಎದ್ದು, ಸ್ಕ್ರೂವನ್ನು ಗುಟ್ಟಾಗಿ ಫ್ರಿಜ್ಜಿನ ಕಾಲಿನ ಬಳಿ ಬಿಟ್ಟು, ಆಮೇಲೆ ಗಟ್ಟಿಯಾಗಿ, "ಇಲ್ಲೇ ಇದೆಯಲ್ಲ, ಸಿಕ್ಕಿತು" ಎಂದು ಕೂಗಿ ಎತ್ತಿ ಕೊಟ್ಟೆ. ಸುಮನಾ ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ತಿರುಪಿನ ಗೆರೆಗಳ ಸಂದಿಯಲ್ಲಿ ಕೆಂಪು ಮಸಾಲೆ ಕೂತಿತ್ತು. ಮೂಗಿನ ಹತ್ತಿರ ತಂದು ಮೂಸಿದಳು. ನನ್ನನ್ನು ನೋಡಿದಳು. ಇನ್ನೂ ಸಾರು ಸುರಿದುಕೊಂಡು ಉಣ್ಣುತ್ತಿದ್ದ ತಂಗಿಯ ಗಂಡನನ್ನೂ ತಾಯಿಯನ್ನೂ ನೋಡಿದಳು. "ಹೌದು, ಸಿಕ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ನಲ್ಲಿಯಡಿ ತೊಳೆದು, ಗರಟೆಗೆ ಹಾಕಿದಳು.

ಪೆಟ್ಟಿಗೆ ಉಳಿಯಿತು. ಮಿಕ್ಸಿಯೂ ತಿರುಗುತ್ತಿದೆ, ಈಗ ಆರಕ್ಕೆ ಆರೂ ಹಿತ್ತಾಳೆ. ಅಂದಿನ ಸಂಗತಿಯ ಬಗ್ಗೆ ಸುಮನಾ ಈವರೆಗೆ ಒಂದು ಮಾತೂ ಎತ್ತಿಲ್ಲ. ಆದರೆ ನಾನು ಸ್ಕ್ರೂಡ್ರೈವರ್ ಮುಟ್ಟಿದ ದಿನ ಮನೆಯಲ್ಲಿ ಮೀನೂಟವಿದ್ದರೆ, ಆ ಅಯಸ್ಕಾಂತದ ತಟ್ಟೆಯನ್ನು ಬೆಳಗಿ ತೊಳೆದು ನನ್ನ ಊಟದ ಬಟ್ಟಲಿನ ಪಕ್ಕದಲ್ಲಿಡುತ್ತಾಳೆ. ಇದೆಂತಕೆ ಎಂದು ಮೊದಲ ದಿನ ಕೇಳಿದ್ದೆ.

"ಮುಳ್ಳು ಹಾಕೂಕೆ" ಎಂದಳು. "ನಿಮ್ಗೆ ದೊಡ್ಡ ದೊಡ್ಡ ಮುಳ್ಳೇ ಸಿಗ್ತದಲ್ಲ."