ಅಳಿಯನ ಹೆಸರಿನ ಒಂಬತ್ತು ಅಕ್ಷರ

ಮಧುಗಿರಿಯಲ್ಲಿ ಇಂಗ್ಲಿಷ್ ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಸ್ವತಃ ಇಂಗ್ಲಿಷಿಗೇ ಪರಿಚಯವಿರುವವನು ನಾನೊಬ್ಬನೇ ಎಂಬ ಭಾವನೆ ಮೊನ್ನೆ ಮೊನ್ನೆಯವರೆಗೂ ನನಗಿತ್ತು. ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರಿಗೆ ಅಷ್ಟೂ ಇರದಿದ್ದರೆ ಹೇಗೆ ಸ್ವಾಮಿ!

ನನ್ನ ಅಕ್ಕನ ಮಗಳು ಆಶಾಳನ್ನು ಕಳ್ಳಂಬೆಳ್ಳದ ಕಡೆಯ ಮಂಜುನಾಥನಿಗೆ ಕೊಟ್ಟಿದ್ದೆವು. ಮದುವೆ ಮುಗಿದು ತವರಿಗೆ ಬಂದಿದ್ದ ಜೋಡಿಯನ್ನು ಕರೆದುಕೊಂಡು, ಹೆಣ್ಣಿನ ಕಡೆಯ ನಾವೆಲ್ಲ ಟೆಂಪೊ ಹತ್ತಿ ಗಂಡಿನ ಮನೆಗೆ ಬೀಗರೂಟಕ್ಕೆ ಹೊರಟೆವು. ಮಟನ್‌ಗೆ ಹೊಟ್ಟೆಯಲ್ಲಿ ಜಾಗ ಇರಲೆಂದು ನಾನು ಬೆಳಗಿನ ತಿಂಡಿಯನ್ನೇ ಬಿಟ್ಟಿದ್ದೆ. ಆಶಾಳ ಅಪ್ಪ, ಅಂದರೆ ನಮ್ಮ ಭಾವ, ದಾರಿಯುದ್ದಕ್ಕೂ "ನಮ್ ಮೇಷ್ಟ್ರು ಜೊತ್ಗವ್ನೆ, ಬೀಗರ ಮುಂದೆ ನಮ್ ಮರ್ವಾದೆಗೇನೂ ಕಮ್ಮಿಯಿಲ್ಲ ಬುಡ್ರಿ" ಎನ್ನುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಾ, ಕೇಳಿಸದವನಂತೆ ಪೂರ್ತಿ ಕೇಳಿಸಿಕೊಂಡೆ.

ಬಾಗಿಲಲ್ಲಿ ಮಂಜುನಾಥನ ತಂಗಿ ಕಾವ್ಯ ಅಡ್ಡ ನಿಂತಿದ್ದಳು. ಹೊಸ ಸೊಸೆ ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ವಾಡಿಕೆ. ಆದರೆ ಮೊಬೈಲಿನಲ್ಲಿ ಪದದ ಆಟ ಆಡಿ ಆಡಿ ಅವಳ ತಲೆಯೇ ಬೇರೆ ಓಡುತ್ತಿತ್ತು.

"ನಮ್ಮತ್ಗೆ ಬೆಳಗಿಂದ ಸಂಜೆಗಂಟ ಮಂಜೂ ಮಂಜೂ ಅಂತಾನೇ ಕೂಗ್ತಾರೆ. ಹೆಸರು ಹೇಳ್ಸೋದ್ರಾಗೆ ಏನ್ ಮಜಾ ಐತೆ? ಈ ಅಕ್ಷರದಾಗೆ ಐದು ಇಂಗ್ಲಿಷ್ ಪದ ಮಾಡ್ಬುಟ್ಟು ಒಳಕ್ಕೆ ಬನ್ನಿ!"

ನೋಡಿದರೆ ಹೊಸ್ತಿಲ ಮುಂದೆ ರಂಗೋಲಿಯಲ್ಲಿ ಅಳಿಯನ ಹೆಸರು: ಎಂ, ಎ, ಎನ್, ಜೆ, ಯು, ಎನ್, ಎ, ಟಿ, ಎಚ್.

ಆಶಾ ಉಸಿರು ಬಿಡದೆ "ಮ್ಯಾನ್, ಮ್ಯಾಟ್, ಹ್ಯಾಟ್, ನಟ್..." ಎಂದಳು. ಇನ್ನೊಂದು ಪದ ಹೇಳಿದ್ದರೆ ಎಲ್ಲರೂ ಎಲೆ ಮುಂದೆ ಕೂತಿರುತ್ತಿದ್ದೆವು. ಅಷ್ಟರಲ್ಲಿ ನಾನು ಬಾಯಿ ತೆರೆದೆ.

"ನಿಲ್ಲಿಸು! ಇವೂ ಒಂದು ಪದಗಳೇ? ಒಂದನೇ ಕ್ಲಾಸಿನವೂ ಹೇಳುತ್ತವೆ. ಆರಕ್ಷರಕ್ಕಿಂತ ಕಮ್ಮಿ ಇರುವುದು ಲೆಕ್ಕಕ್ಕಿಲ್ಲ. ಒಂದೇ ಪದ ಸಾಕು, ಆದರೆ ಘನವಾಗಿರಬೇಕು!"

"ಬ್ಯಾಡಿ ಸಾರ್, ಕಷ್ಟ ಆಯ್ತದೆ" ಎಂದಳು ಕಾವ್ಯ.

ಕಷ್ಟವೇ? ನನಗೇ? ನಾನು ಕನ್ನಡಕ ಒರೆಸಿಕೊಂಡೆ. 'ಹಾಂಟ್' ಹೊಳೆಯಿತು. ಐದಕ್ಷರ. 'ಜಾಂಟ್' ಹೊಳೆಯಿತು. ಅದೂ ಐದೇ! ಹಿಂದಿನಿಂದ ನನ್ನ ಹೆಂಡತಿ ಮಂಗಳ, "ಏನ್ರೀ, ಹ್ಯೂಮನ್ ಅಂತ ಬರಲ್ವಾ?" ಎಂದಳು.

"ಐದಕ್ಷರ. ಅನರ್ಹ!" ಎಂದೆ.

ಭಾವನಿಗೆ ರೇಗಿತು. "ಲೇ, ನೀನ್ ಯಾರ್ ಕಡೆಯವ್ನ್ಲಾ? ಬಿಸ್ಲಾಗೆ ನಿಲ್ಸವ್ನೆ, ಅವರು ಕೇಳ್ದೆ ಇದ್ರೂ ಇವನೇ ರೂಲ್ಸು ಮಾಡ್ತಾವ್ನೆ!"

ಒಳಗಿನಿಂದ ಮಸಾಲೆಯ ವಾಸನೆ ಬಂದು ನನ್ನ ಖಾಲಿ ಹೊಟ್ಟೆಯನ್ನು ಗುದ್ದಿತು. ಮಂಜುನಾಥನ ಅಪ್ಪನೇ ಓಡಿ ಬಂದು, ಮಗಳನ್ನು ಪಕ್ಕಕ್ಕೆ ಸರಿಸಿ ಕೈಮುಗಿದರು. "ಬುಡಿ ಮೇಷ್ಟ್ರೇ, ಹುಡ್ಗೀರು ತಮಾಸೆಗೆ ಅಂದವ್ರೆ. ಮುದ್ದೆ ಆರೋಯ್ತದೆ, ಬನ್ನಿ ಬನ್ನಿ."

ಆಗಲಾದರೂ ಹೋಗಬಹುದಿತ್ತು. ನಾನು ಕ್ಲಾಸಿನಲ್ಲಿ ಗಲಾಟೆ ನಿಲ್ಲಿಸುವಂತೆ ಕೈ ಅಡ್ಡ ಚಾಚಿ, "ಕ್ಷಮಿಸಬೇಕು ಬೀಗರೇ. ಕನಿಕರದಿಂದ ತೆರೆದ ಬಾಗಿಲನ್ನು ನಾವು ದಾಟುವವರಲ್ಲ" ಎಂದೆ.

'ನಾವು' ಎಂದಿದ್ದು ದುಡುಕಾಯಿತು. ಮಾತು ಮುಗಿಯುವ ಮೊದಲೇ ನಮ್ಮ ಕಡೆಯವರೆಲ್ಲ ನನ್ನ ಚಾಚಿದ ಕೈಯ ಕೆಳಗೆ ಬಗ್ಗಿ ಒಬ್ಬೊಬ್ಬರಾಗಿ ಒಳಗೆ ನುಗ್ಗಿದರು! ಆಶಾ ಬಲಗಾಲಿಟ್ಟು ಹೋದಳು. ಭಾವ ಯಾವ ಕಾಲಿಟ್ಟರೋ ಕಾಣಿಸಲೇ ಇಲ್ಲ, ಅಷ್ಟು ಜೋರು. ಅಕ್ಕ ಮಾತ್ರ ನಿಂತು, "ಬಾರೋ" ಎಂದಳು. "ಒಂದೇ ನಿಮಿಷ" ಎಂದೆ.

ರಂಗೋಲಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಈಗ ಒಳಗೆ ಹೋದರೆ ಇಂಗ್ಲಿಷ್ ಮೇಷ್ಟ್ರು ಸೋತು ಬಂದ ಹಾಗೆ. ಊರೆಲ್ಲ ನಗುತ್ತದೆ. ಕೂತಿದ್ದರೆ ಹಸಿವು. ಒಳಗಿನಿಂದ "ಇತ್ಲಾಗೆ ಒಂದು ನಲ್ಲಿ ಮೂಳೆ ಹಾಕಿ!" ಎಂಬ ಭಾವನ ದನಿ. ಅಯ್ಯೋ, ಅದು ನನ್ನ ಮೂಳೆ ಕಣ್ರೀ! ಕೋಳಿಯೊಂದು ಬಂದು 'ಜೆ'ಯನ್ನು ಕೆದಕಿತು. ಅದನ್ನು ಓಡಿಸಿದೆ. ದಾರಿಯಲ್ಲಿ ಹೋಗುತ್ತಿದ್ದ ಪುಣ್ಯಾತ್ಮರೊಬ್ಬರು ನನ್ನ ಪಕ್ಕ ಕೂತು ತಾವೂ ನೆಲ ತಡಕತೊಡಗಿದರು.

"ಏನ್ ಕಳ್ಕಂಡ್ರಿ ಸಾಮಿ? ಉಂಗ್ರಾನಾ?"

"ಪದ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಎದ್ದು, ತಿರುಗಿ ತಿರುಗಿ ನೋಡುತ್ತಾ ಹೋದರು.

ಕೊನೆಗೂ ಹೊಳೆಯಿತು! ಏಳಕ್ಷರ! ಕೇಳಿದ್ದಕ್ಕಿಂತ ಒಂದು ಜಾಸ್ತಿ! "ಮ್ಯಾನ್‌ಹಂಟ್!" ಎಂದು ಕೂಗುತ್ತಾ ಹೊಸ್ತಿಲು ಹಾರಿ ಒಳಗೆ ಓಡಿದೆ.

ಕಾವ್ಯ ಎಲೆ ಎತ್ತುತ್ತಿದ್ದಳು. "ಅಂಗಂದ್ರೇನು ಸಾರ್?"

"ಒಬ್ಬ ಮನುಷ್ಯ ಕಾಣೆಯಾದಾಗ, ಅವನನ್ನು ಹುಡುಕಿಕೊಂಡು ಜನ ನಾಲ್ಕು ದಿಕ್ಕಿಗೂ ಹೊರಡುವುದು!" ಎಂದೆ, ಎದೆಯುಬ್ಬಿಸಿ.

ಎಲೆ ಅಡಿಕೆ ಜಗಿಯುತ್ತಿದ್ದ ಮಂಗಳ ತಿರುಗಿ ನೋಡಿದಳು. "ಅಯ್ಯೋ, ನೀವಿನ್ನೂ ಉಂಡಿಲ್ವಾ? ಮೊದ್ಲ ಪಂಕ್ತೀಲೇ ಉಂಡು ಎಲ್ಲೋ ಮಲಗವ್ರೆ ಅಂದ್ಕಂಡಿದ್ನಲ್ರೀ!"

ಮುದ್ದೆ ಮುಗಿದಿತ್ತು. ಪಾತ್ರೆಯ ತಳ ಕೆರೆದು ಅನ್ನ, ಅದರ ಮೇಲೆ ಬರೀ ಸಾರು ಹುಯ್ದರು. ನಾನು ತಲೆ ಬಗ್ಗಿಸಿಕೊಂಡು ಉಂಡೆ. ಆ ಪದಕ್ಕೊಂದು ಉದಾಹರಣೆ ಕೊಡಿ ಸಾರ್ ಎಂದು ಯಾರೂ ಕೇಳಲಿಲ್ಲವಲ್ಲ, ಅದೇ ನನ್ನ ಪುಣ್ಯ!