ಒಂದು ಅಪಾಲಜಿಯ ದುರ್ವ್ಯಯ

ಬರ್ನ್ಲಿ ಎಂಬ ಇಂಗ್ಲಿಷ್ ಊರಿನ ಕ್ಲಿಫ್ ಹಾರ್ಗ್ರೀವ್ಸ್‌ನ ಬಾಯಲ್ಲಿ ‘ಸಾರಿ’ಗೆ ಎಂದೂ ಬರಗಾಲವಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ ಅವನೇ ಸಾರಿ ಅನ್ನುತ್ತಿದ್ದ. ಒಮ್ಮೆ ದೀಪದ ಕಂಬಕ್ಕೆ ಹಣೆ ಬಡಿದುಕೊಂಡು ಕಂಬಕ್ಕೂ ಸಾರಿ ಹೇಳಿದ್ದುಂಟು. (ಕಂಬ ತುಟಿಪಿಟಕ್ಕೆನ್ನಲಿಲ್ಲ. ನೋವಾದರೂ ಬಾಯಿಬಿಡದ ಆ ಊರಿನದೇ ತಾನೆ ಅದೂ.) ಆದರೆ ‘ಅಪಾಲಜೈಸ್ ಮಾಡ್ತೀನಿ’ ಎಂಬ ಮಾತು ಮಾತ್ರ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಒಂದು ಸಲವೂ ಹೊರಬಿದ್ದಿರಲಿಲ್ಲ. ಸಾರಿ ಅಂದರೆ ‘ಅಯ್ಯೋ, ಹೀಗಾಯ್ತಲ್ಲ’. ಪಕ್ಕದ ಮನೆಯ ಬೆಕ್ಕು ಸತ್ತರೂ ಹೇಳಬಹುದು. ಅಪಾಲಜಿ ಅಂದರೆ ‘ಮಾಡಿದವನು ನಾನೇ’. ಎರಡೂ ಒಂದೇ ಓಣಿಯವು, ಮನೆ ಮಾತ್ರ ಬೇರೆ. ಆ ನವೆಂಬರಿನಲ್ಲಿ ಅವನ ಹೆಂಡತಿ ಡೋರಿನ್‌ಗೆ ಬೇಕಾಗಿದ್ದದ್ದು ಎರಡನೆಯದು.

ಆದದ್ದಿಷ್ಟು. ಡೋರಿನ್‌ಳ ತಾಯಿ ಮಾರ್ಚಿನಲ್ಲಿ ತೀರಿಕೊಂಡಿದ್ದಳು. ಮಗಳಿಗೆ ಬಂದ ಪಿತ್ರಾರ್ಜಿತವೋ ಮಾತ್ರಾರ್ಜಿತವೋ ಅಂದರೆ, ಮೂತಿ ಮುಕ್ಕಾದ ಒಂದು ಕಂದು ಟೀಪಾಟು. ಹೆಂಡತಿ ಮನೆಯಲ್ಲಿಲ್ಲದ ಒಂದು ಸುಮುಹೂರ್ತದಲ್ಲಿ ಕ್ಲಿಫ್ ಮನೆ ಚೊಕ್ಕಟ ಮಾಡುವ ಮಹಾಸಂಕಲ್ಪ ಕೈಗೊಂಡ. ಅದರ ಅಂಗವಾಗಿ ಆ ಪಾಟನ್ನು ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಕೊಟ್ಟುಬಿಟ್ಟ. ಅದನ್ನು ಕೊಂಡವಳು ಎದುರುಮನೆಯ ಮಿಸೆಸ್ ರೋಥ್‌ವೆಲ್. ಒಂದು ಗುರುವಾರ ಅವಳು ಡೋರಿನ್‌ಳನ್ನು ಚಹಾಕ್ಕೆ ಕರೆದು, ಅದೇ ಪಾಟಿನಿಂದ ಬಗ್ಗಿಸಿ ಕೊಟ್ಟಳು.

“ಪಾಟು ಚೆನ್ನಾಗಿದೆ ಅಲ್ವಾ? ಮಾರಾಟದಲ್ಲಿ ಸಿಕ್ತು ನೋಡಿ.”

“ತುಂಬಾ ಚೆನ್ನಾಗಿದೆ,” ಅಂದಳು ಡೋರಿನ್.

ಬೇರೆ ಕಡೆಯವಳಾಗಿದ್ದರೆ ‘ಅದು ನಮ್ಮಮ್ಮಂದು, ಕೊಡ್ರೀ ಇಲ್ಲಿ’ ಎಂದು ಕಿತ್ತುಕೊಂಡು ಬರುತ್ತಿದ್ದಳು. ಆ ಬೀದಿಯಲ್ಲಿ ಹಾಗೆ ಕೇಳುವುದುಂಟೇ! ಡೋರಿನ್ ಎರಡು ಕಪ್ಪು ಕುಡಿದು, ಬಿಸ್ಕತ್ತು ತಿಂದು, ಥ್ಯಾಂಕ್ಸ್ ಹೇಳಿ ಮನೆಗೆ ಬಂದು, ಒಲೆಯ ಮುಂದೆ ನಿಂತು ಅತ್ತಳು.

“ಸಾರಿ ಕಣೇ,” ಅಂದ ಕ್ಲಿಫ್.

“ಸಾರಿ ಬೇಡ. ಅದನ್ನ ನೀನು ಕಂಬಕ್ಕೂ ಹೇಳ್ತೀಯ. ಅಪಾಲಜೈಸ್ ಮಾಡು.”

“ಎರಡೂ ಒಂದೇ ಅಲ್ವೇನೇ?”

“ಒಂದೇ ಆಗಿದ್ರೆ ಹೇಳೋಕೇನು ಧಾಡಿ?”

“ಅಲ್ವೇ, ಅದರ ಮೂತಿ ಮುರಿದಿತ್ತಲ್ಲ...”

“ನಮ್ಮಮ್ಮಂಗೆ ಸೊಂಟ ಮುರಿದಿತ್ತು. ಅವಳನ್ನೂ ಮಾರಾಟಕ್ಕೆ ಕೊಟ್ಟುಬಿಡಬೇಕಿತ್ತು!”

ಮರುದಿನದಿಂದ ಡೋರಿನ್ ಒಂದೇ ಕಪ್ಪು ಚಹಾ ಮಾಡತೊಡಗಿದಳು. ದಿನಕ್ಕೆ ಆರು ಸಲ ಎರಡೆರಡು ಕಪ್ಪು ಇಡುತ್ತಿದ್ದ ಕೈ ಅದು. ಬೈದಿದ್ದರೆ ಕ್ಲಿಫ್ ಬೈಸಿಕೊಳ್ಳುತ್ತಿದ್ದ (ಅದರಲ್ಲಿ ಅವನು ನುರಿತವನು), ಆದರೆ ಮೇಜಿನ ಮೇಲಿನ ಆ ಒಂಟಿ ಕಪ್ಪನ್ನು ನೋಡಲಾಗುತ್ತಿರಲಿಲ್ಲ. ತಾನೇ ಮಾಡಿಕೊಂಡ ಚಹಾ ಆಸ್ಪತ್ರೆಯ ಚಹಾದಂತಿತ್ತು. ಹದಿನೇಳು ದಿನ ಹೊರಗೆ ಮಳೆ, ಒಳಗೆ ಮೌನ. ಸಾಯುವ ತನಕ ಹೀಗೇ ಇದ್ದುಬಿಟ್ಟರೆ ಏನು ಗತಿ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಹದಿನೆಂಟನೆಯ ದಿನ ಎದೆ ಗಟ್ಟಿಮಾಡಿಕೊಂಡು ಎದುರುಮನೆಯ ಬಾಗಿಲು ತಟ್ಟಿದ.

“ಸಾರಿ, ತೊಂದರೆ ಕೊಡ್ತಾ ಇದೀನಿ.”

“ಸಾರಿ, ಮನೆಯೆಲ್ಲಾ ಹರವಿಕೊಂಡಿದೆ,” ಅಂದಳು ಮಿಸೆಸ್ ರೋಥ್‌ವೆಲ್.

“ಸಾರಿ, ಆ ಟೀಪಾಟು... ಅದು ನಮ್ಮತ್ತೇದು.”

“ಅಯ್ಯೋ ದೇವರೇ! ಡೋರಿನ್ ಏನೂ ಹೇಳದೆ ಎರಡು ಕಪ್ಪು ಕುಡಿದ್ರಲ್ರೀ!”

ಅವಳು ಬಿಳುಚಿಕೊಂಡಳು. ಪಾಟನ್ನು ತೊಳೆದು, ಒರೆಸಿ, ಏಳು ಸಲ ಸಾರಿ ಹೇಳಿ ಅವನ ಕೈಗಿಟ್ಟಳು.

ಕ್ಲಿಫ್ ಅದನ್ನು ಎಳೆಗೂಸಿನಂತೆ ಎದೆಗೊತ್ತಿಕೊಂಡು ಬೀದಿ ದಾಟಿದ. ಕಿಟಕಿಯಲ್ಲಿ ಡೋರಿನ್ ನಿಂತಿದ್ದಳು. ಪಾಟು ಕಂಡು ಅವಳ ಮುಖ ಅಷ್ಟು ದಿನಗಳಲ್ಲಿ ಮೊದಲ ಸಲ ಸಡಿಲವಾಯಿತು. ಅಷ್ಟರಲ್ಲಿ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಬರುತ್ತಿದ್ದ ಒಬ್ಬ ದಢೂತಿ ಮನುಷ್ಯ ಅವನ ಭುಜಕ್ಕೆ ಗುದ್ದಿದ. ಪಾಟು ಅಲುಗಿತು, ಬೀಳಲಿಲ್ಲ. ಬಿದ್ದದ್ದು ಆಮೇಲೆ. ಗುದ್ದಿಸಿಕೊಂಡವನು ತೆಪ್ಪಗಿರಬೇಕಲ್ಲ? ಹುಟ್ಟುಗುಣ ಸುಟ್ಟರೂ ಹೋಗದು. “ಸಾರಿ!” ಎಂದು ಕ್ಲಿಫ್ ಪಾಟು ಹಿಡಿದ ಕೈಯನ್ನೇ ಬಿಡಿಸಿಕೊಂಡು ಎಂದಿನಂತೆ ಟೋಪಿ ಎತ್ತಿದ.

ಡೋರಿನ್ ಹೊರಗೆ ಬಂದಳು. ಇಬ್ಬರೂ ಮಳೆಯಲ್ಲಿ ಬಗ್ಗಿ ಚೂರು ಆಯ್ದರು. ಆಗ, ಮೂವತ್ತೆಂಟು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಕ್ಲಿಫ್‌ನ ಬಾಯಿಂದ ತಾನಾಗಿಯೇ ಹೊರಬಿತ್ತು.

“ಡೋರಿನ್, ನಾನು ಅಪಾಲಜೈಸ್ ಮಾಡ್ತೀನಿ.”

ಅವಳ ಕೈ ನಿಂತಿತು. “ಯಾವುದಕ್ಕೆ?”

“ಇದಕ್ಕೇ ಕಣೇ. ಒಡೆದುಹಾಕಿದ್ನಲ್ಲ.”

“ಇದಕ್ಕಾ?” ಡೋರಿನ್ ಅವನನ್ನೇ ನೋಡಿದಳು. “ಇದು ನಿನ್ನ ತಪ್ಪಲ್ಲ. ಗುದ್ದಿದೋರಿಗೆ ಟೋಪಿ ಎತ್ತದೆ ಇರೋಕಾಗತ್ತಾ? ನಾನಾಗಿದ್ರೂ ಹಾಗೇ ಮಾಡ್ತಿದ್ದೆ. ಇದಕ್ಕೆ ಸಾರಿ ಸಾಕಾಗಿತ್ತು. ನನ್ನ ಕೇಳದೆ ಕೊಟ್ಟುಬಿಟ್ಯಲ್ಲ, ಅದಕ್ಕೆ?”

ಕ್ಲಿಫ್ ಬಾಯಿ ತೆರೆದ. ಇದ್ದದ್ದೇ ಒಂದು ಅಪಾಲಜಿ, ಅದು ಆಗಲೇ ಖರ್ಚಾಗಿತ್ತು.

“ಸಾರಿ,” ಅಂದ.

ಡೋರಿನ್ ಚೂರುಗಳನ್ನು ಉಡಿಯಲ್ಲಿ ತುಂಬಿಕೊಂಡು ಒಳಗೆ ಹೋದಳು. ಅವನು ಹೊಸ್ತಿಲಾಚೆಯೇ ನಿಂತು ಕಿವಿಗೊಟ್ಟ. ನಲ್ಲಿ ತಿರುಗಿಸಿದ ಸದ್ದಾಯಿತು. ನೀರು ಕುದಿಯಿತು. ಕಪಾಟು ತೆರೆಯಿತು, ಮೇಜಿನ ಮೇಲೆ ಒಂದು ಕಪ್ಪು ಇಟ್ಟದ್ದು ಕೇಳಿಸಿತು. ಕ್ಲಿಫ್ ನೆನೆಯುತ್ತ ಎರಡನೆಯದಕ್ಕಾಗಿ ಕಾದ.

ಕಪಾಟು ಮುಚ್ಚಿತು.